ಊರಿನ ಗಾಳಿ, ಮಳೆನೀರಲ್ಲಿ ಲೋಹ ಎಷ್ಟುಂಟು? ಕಾಸರಗೋಡು ಕಡೆಯವರಿಗೆ ಅಳತೆಯ ಪೂರ್ತಿ ವಿಧಾನ

ಪೇಟೆ ಗಾಳಿ ಬಗ್ಗೆ ಎಲ್ರೂ ಮಾತಾಡ್ತಾರೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಗಾಳಿಯಲ್ಲಿ ಎಂತ ಉಂಟು ಅಂತ ಕೇಳಿದ್ರೆ "ನಮ್ಮಲ್ಲಿ ಎಂತದ್ದೂ ಇಲ್ಲ ಮಾರಾಯ್ರೆ, ಶುದ್ಧ ಗಾಳಿ" ಅಂತಾರೆ. ಇರ್ಬಹುದು, ಆದ್ರೆ ಅದು ಅಳೆಯದೆ ಹೇಳಿದ ಮಾತು. ಬ್ರಿಟನ್ನಲ್ಲಿ 1970ರ ದಶಕದಿಂದಲೇ ಫ್ಯಾಕ್ಟರಿ ಇಲ್ಲದ ಹಳ್ಳಿ ಜಾಗಗಳಲ್ಲಿ ಗಾಳಿ ಮತ್ತು ಮಳೆನೀರಿನ ಲೋಹ ಅಳೀತಾ ಬಂದಿದ್ದಾರೆ. ಪೆಟ್ರೋಲಿಂದ ಸೀಸ ತೆಗೆದ ಮೇಲೆ ಗಾಳಿಯ ಸೀಸ ಎಷ್ಟು ಇಳಿಯಿತು ಅಂತ ಅವರಿಗೆ ಧೈರ್ಯವಾಗಿ ಹೇಳ್ಲಿಕ್ಕಾದದ್ದು ಹಳೇ ನಂಬರು ಕೈಯಲ್ಲಿ ಇದ್ದ ಕಾರಣ. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲು ನಿಂತಿತು, ನಮ್ಮ ಊರಿನ ಹಳೇ ನಂಬರು ಎಲ್ಲುಂಟು?

ಇದನ್ನು ಬರೀತಾ ಇರೋದು ಕಾಲೇಜು ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ, ಸೈನ್ಸ್ ಮೇಷ್ಟ್ರುಗಳಿಗೆ, ತೋಟ ಇಟ್ಕೊಂಡು ಸ್ವಲ್ಪ ಕುತೂಹಲವೂ ಇರುವವರಿಗೆ. ಮಳೆನೀರಿನ ಕೆಲಸ ಸಣ್ಣ ಖರ್ಚಲ್ಲಿ ಆಗ್ತದೆ, ಗಾಳಿಯದ್ದಕ್ಕೆ ಮೆಷಿನ್ ಬೇಕು, ಕೊನೆಗೆ ಎರಡಕ್ಕೂ ಒಳ್ಳೆ ಲ್ಯಾಬ್ ಬೇಕು. ಆದ್ರೆ ಇಡೀ ಕೆಲಸ ನಿಂತಿರೋದು ಮೆಷಿನ್ ಮೇಲೆ ಅಲ್ಲ, ಕುಪ್ಪಿ ಎಷ್ಟು ಕ್ಲೀನು, ಪುಸ್ತಕದಲ್ಲಿ ಎಂತ ಬರ್ದಿದ್ದೀರಿ ಅನ್ನೋದರ ಮೇಲೆ. ನಾವು ಹುಡುಕ್ತಾ ಇರೋದು ಗಾಳಿಯಲ್ಲಿ ನ್ಯಾನೋಗ್ರಾಂ ಲೆಕ್ಕದ ವಸ್ತು, ಅಂದ್ರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಸಣ್ಣದ್ದು ಹುಡುಕುವಾಗ ನಿಮ್ಮ ಉಂಗುರ, ಬೀಡಿ, ಗೇಟಿನ ಪೈಂಟು ಎಲ್ಲ ಸ್ಯಾಂಪಲಿನ ಒಳಗೆ ಬರ್ತದೆ.

ಮೊದಲು ಪ್ರಶ್ನೆ ಯಾವುದು ಅಂತ ನಿರ್ಧರಿಸಿ

ಸಾಮಾನು ತರ್ಲಿಕ್ಕೆ ಓಡ್ಬೇಡಿ. ನಿಮಗೆ ಗೊತ್ತಾಗ್ಬೇಕಾದ್ದು ದೂರದಿಂದ ಗಾಳಿಯಲ್ಲಿ ಬರುವ ಲೋಹವಾ, ನಮ್ಮದೇ ತೋಟ-ರಸ್ತೆಯಿಂದ ಏಳುವುದಾ? ಎರಡಕ್ಕೂ ಜಾಗ ಬೇರೆ, ಪಟ್ಟಿ ಬೇರೆ.

ನಮ್ಮ ಕಡೆ ಇದು ಯಾಕೆ ಮುಖ್ಯ ಅಂದ್ರೆ ತಾಮ್ರದ ದೆಸೆಯಿಂದ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡದ ಮನೆ ಎಷ್ಟುಂಟು? ಒಂದು ಪರ್ಸೆಂಟ್ ಬೋರ್ಡೋ ಅಂದ್ರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿ ಕಾಲು ಪಾಲು, ಸರಿಯಾಗಿ ಹೇಳಿದ್ರೆ 25.5 ಪರ್ಸೆಂಟ್, ತಾಮ್ರವೇ. ಹಾಗಾಗಿ 200 ಲೀಟರಿನ ಒಂದು ಡ್ರಮ್ಮಲ್ಲಿ ಅರ್ಧ ಕಿಲೋ ತಾಮ್ರ ಮರದ ಕೊಡಿಗೆ ಹೋಗ್ತದೆ, ಅದೂ ಹೈ ಪ್ರೆಶರ್ ಪಂಪಲ್ಲಿ ಮಂಜಿನ ಹಾಗೆ, ಮಳೆ ಹಿಡಿಯುವ ಮೊದಲು ಒಂದು ಸಲ, ನಲ್ವತ್ತು ನಲ್ವತ್ತೈದು ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ರೆ ಮೂರನೇದ್ದೂ ಉಂಟು. ಇಂಥ ಜಾಗದಲ್ಲಿ ಕುಪ್ಪಿ ಇಟ್ಟು "ಮಳೆಯಲ್ಲಿ ತಾಮ್ರ ಜಾಸ್ತಿ, ಮಂಗಳೂರಿಂದ ಬಂತು" ಅಂತ ಬರ್ದ್ರೆ ನಗ್ತಾರೆ. ಹಾಗಂತ ತಾಮ್ರವನ್ನು ಪಟ್ಟಿಯಿಂದ ತೆಗೆಯುವುದೂ ತಪ್ಪು, ನನ್ನ ಪ್ರಕಾರ ನಮ್ಮೂರಲ್ಲಿ ಅಳೆಯಲೇಬೇಕಾದ ಮೊದಲ ಲೋಹ ಅದೇ, ಅದು ಎಷ್ಟು ದೂರ ಹಾರ್ತದೆ ಅಂತ ಗೊತ್ತಾದ್ರೆ ಉಳಿದ ಲೋಹದ ಲೆಕ್ಕ ಓದುವುದು ಸುಲಭ.

ಪಟ್ಟಿ ಹೀಗಿಟ್ಕೊಳ್ಳಿ: ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ನಿಕ್ಕಲ್, ತಾಮ್ರ, ಸತು, ಕ್ರೋಮಿಯಂ, ವನೇಡಿಯಂ. ಜೊತೆಗೆ ಅಲ್ಯುಮಿನಿಯಂ, ಕಬ್ಬಿಣ ಮತ್ತು ಸೋಡಿಯಂ ಖಂಡಿತ ಸೇರಿಸಿ, ಮೊದಲ ಎರಡು ಮಣ್ಣಿನ ಗುರುತು, ಸೋಡಿಯಂ ಸಮುದ್ರದ ಉಪ್ಪಿನ ಗುರುತು. ಮೂಲ ಗುರುತಿಸ್ಲಿಕ್ಕೆ ಬೇರಿಯಂ, ಆಂಟಿಮನಿ, ಸೆಲೆನಿಯಂ ಕೂಡ ಇರ್ಲಿ. ಪಾದರಸ ಬೇಡ, ಅದರ ಕುಪ್ಪಿ ಬೇರೆ, ಆಸಿಡ್ ಬೇರೆ, ಮಂಡೆಬೆಚ್ಚ ಬೇರೆಯೇ.

ಎಣ್ಮಕಜೆ, ಪಡ್ರೆ ಕಡೆ ಹೋದ್ರೆ ಜನ ಕೇಳುವ ಮೊದಲ ಪ್ರಶ್ನೆ "ಇದರಲ್ಲಿ ಎಂಡೋಸಲ್ಫಾನ್ ಸಿಗ್ತದಾ" ಅಂತ. ಕೇಳುವುದು ಸಹಜ, 1970ರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಕ್ಕೆ ಈ ಕೀಟನಾಶಕವನ್ನು ಹೆಲಿಕಾಪ್ಟರಿಂದ ಬಿಟ್ಟ ಊರು ಅದು. ಇಲ್ಲ, ಸಿಗುವುದಿಲ್ಲ. ಅದು ಲೋಹ ಅಲ್ಲ, ಅದಕ್ಕೆ ಗಾಜಿನ ಕುಪ್ಪಿ ಬೇಕು, ಪರೀಕ್ಷೆಯೂ ಬೇರೆ. ಇದನ್ನು ಶುರುವಲ್ಲೇ ಸ್ಪಷ್ಟವಾಗಿ ಹೇಳಿಬಿಡಿ, ಆಮೇಲೆ ಯಾರಿಗೂ ಬೇಜಾರಾಗ್ಬಾರ್ದು.

ಜಾಗ ನೋಡುವುದು

ಅಡಿಕೆ ತೋಟದ ಒಳಗೆ ಬೇಡವೇ ಬೇಡ. ಸೋಗೆಯಿಂದ ತೊಟ್ಟಿಕ್ಕುವ ನೀರು ಮಳೆನೀರಲ್ಲ, ಮರ ತೊಳೆದ ನೀರು. ಸುತ್ತ ಇರುವ ಮರ, ಮನೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಡ್ಬೇಕು ಅನ್ನೋದು ಸಾಮಾನ್ಯ ನಿಯಮ, 15 ಮೀಟರ್ ಅಡಿಕೆ ಮರ ಇದ್ರೆ 30 ಮೀಟರ್ ಖಾಲಿ ಜಾಗ. ನಮ್ಮಲ್ಲಿ ಅಂಥದ್ದು ಸಿಗೋದು ಪದವಲ್ಲಿ (ಗುಡ್ಡೆ ಮೇಲಿನ ಬಯಲು ಮುರಕಲ್ಲಿನ ಜಾಗ), ಗದ್ದೆ ಬೈಲಲ್ಲಿ ಅಥವಾ ಶಾಲೆ ಗ್ರೌಂಡಲ್ಲಿ. ಶಾಲೆ ಒಳ್ಳೇದು, ನೋಡ್ಕೊಳ್ಳಲಿಕ್ಕೆ ಜನ ಇದ್ದಾರೆ, ಕರೆಂಟ್ ಉಂಟು. ಆದ್ರೆ ಬಿಸಿಯೂಟದ ಒಲೆಯಿಂದ, ಕಸ ಸುಡುವ ಮೂಲೆಯಿಂದ ದೂರ ಇಡಿ.

ಪದವಲ್ಲಿ ಇನ್ನೊಂದು ತೊಂದರೆ ಮುರಕಲ್ಲಿನ ಕೋರೆ. ಮೆಷಿನಲ್ಲಿ ಕಲ್ಲು ಕೊಯ್ಯುವಾಗ ಏಳುವ ಕೆಂಪು ಧೂಳು ಕಬ್ಬಿಣ, ಅಲ್ಯುಮಿನಿಯಂ ತುಂಬಿದ್ದು. ಹತ್ತಿರ ಕೋರೆ ಇದ್ರೆ ನಿಮ್ಮ ಫಿಲ್ಟರ್ ಕಾವಿ ಬಟ್ಟೆ ಆಗ್ತದೆ. ಹೈವೇ 66ರಿಂದ ಕೂಡ ದೂರ ಹೋಗಿ, ಅಲ್ಲಿ ರಸ್ತೆಯ ಮಣ್ಣು, ಬ್ರೇಕಿನ ತಾಮ್ರ, ಟಯರಿನ ಸತು ಎಲ್ಲ ಒಟ್ಟಿಗೆ ಬೀಳ್ತದೆ.

ಸಾಧ್ಯ ಇದ್ರೆ ಎರಡು ಜಾಗ ಮಾಡಿ: ಒಂದು ತೋಟದ ಅಂಚಿನಲ್ಲಿ, ಇನ್ನೊಂದು ಗುಡ್ಡೆ ಮೇಲೆ ತೋಟದಿಂದ ದೂರ. ಎರಡರ ವ್ಯತ್ಯಾಸವೇ ಅರ್ಧ ಉತ್ತರ.

ಮಳೆ ಹಿಡಿಯುವ ಸೆಟ್

ಎರಡು ರೀತಿ ಉಂಟು. ಮಳೆ ಬಂದಾಗ ಮಾತ್ರ ಮುಚ್ಚಳ ತೆರೆಯುವ ಆಟೊಮ್ಯಾಟಿಕ್ ಕಲೆಕ್ಟರ್ ಒಂದು, ಯಾವಾಗಲೂ ಬಾಯಿ ತೆರೆದೇ ಇರುವ ಫನೆಲ್-ಕುಪ್ಪಿ ಇನ್ನೊಂದು. ಮೊದಲನೇದ್ದು ದುಬಾರಿ, ಮತ್ತೆ ಸಿಡಿಲಿಗೆ ಅದರ ಸೆನ್ಸರ್ ಎಷ್ಟು ಬಾಳ್ತದೆ ಅಂತ ನಮ್ಮ ಮೇ ತಿಂಗಳು ನೋಡಿದವರಿಗೆ ಗೊತ್ತು. ಎರಡನೇದ್ದೇ ಸಾಕು, ಆದ್ರೆ ಅದರಲ್ಲಿ ಮಳೆಯ ಜೊತೆ ಬಿದ್ದ ಧೂಳೂ ಸೇರ್ತದೆ ಅಂತ ರಿಪೋರ್ಟಲ್ಲಿ ಬರೀಬೇಕು.

ಫನೆಲ್ ಸೈಜು ನೋಡಿ. ಯುರೋಪಿನ ಪದ್ಧತಿ ಓದಿ 20 ಸೆಂಟಿಮೀಟರ್ ಬಾಯಿಯ ಫನೆಲ್ ತಂದ್ರೆ ಕತೆ ಮುಗೀತು. ಅದರ ವಿಸ್ತೀರ್ಣ 0.0314 ಚದರ ಮೀಟರ್, ಒಂದು ಮಿಮೀ ಮಳೆಗೆ 31 ಮಿಲಿ ನೀರು. ನಮ್ಮ ಜುಲೈಯಲ್ಲಿ ವಾರಕ್ಕೆ 250 ಮಿಮೀ ಬಂದ್ರೆ 7.8 ಲೀಟರ್, ಎರಡು ಲೀಟರಿನ ಕುಪ್ಪಿ ಎರಡನೇ ದಿನವೇ ಉಕ್ಕಿ ಹರೀತದೆ. ಉಕ್ಕಿದ ಸ್ಯಾಂಪಲ್ ಲೆಕ್ಕಕ್ಕಿಲ್ಲ, ಮೊದಲ ಮಳೆಯ ಕೊಳೆ ಯಾವುದು ಒಳಗೆ ಉಳೀತು ಯಾವುದು ಹೋಯ್ತು ಯಾರಿಗೂ ಗೊತ್ತಿಲ್ಲ. ಹಾಗಾಗಿ ಜೂನಿಂದ ಸೆಪ್ಟೆಂಬರ್ ವರೆಗೆ 10 ಸೆಂಟಿಮೀಟರ್ ಫನೆಲ್ ಇಡಿ, ಒಂದು ಮಿಮೀಗೆ 7.85 ಮಿಲಿ, ಅದೇ 250 ಮಿಮೀಗೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ. ಆದ್ರೂ ಕುಪ್ಪಿ ಐದು ಲೀಟರಿಂದೇ ಇರಲಿ, ನಮ್ಮ ಮಳೆಯನ್ನು ನಂಬ್ಲಿಕ್ಕಾಗುವುದಿಲ್ಲ. ಅಕ್ಟೋಬರ್-ನವೆಂಬರಿನ ಗುಡುಗು ಮಳೆಗೆ ಮತ್ತೆ 20 ಸೆಂಟಿಮೀಟರಿಗೆ ಬದಲಾಯಿಸಿ, ದಿನಾಂಕ ಬರ್ದಿಡಿ.

ಸಣ್ಣ ಫನೆಲಲ್ಲಿ ಗಾಳಿಗೆ ಮಳೆ ತಪ್ಪಿ ಹೋಗೋದು ಜಾಸ್ತಿ. ಅದಕ್ಕೆ ಪಕ್ಕದಲ್ಲೇ ಒಂದು ಸರಿಯಾದ ಮಳೆಮಾಪಕ ಬೇಕು, ಮಿಮೀ ಅದರಿಂದ ತಗೊಳ್ಳಿ, ಕುಪ್ಪಿಯಿಂದ ಲೋಹದ ಪ್ರಮಾಣ ಮಾತ್ರ. ಮಳೆ ಓದುವುದು ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯ ದಿನದ ಲೆಕ್ಕ ಶುರುವಾಗೋದು ಆಗಲೇ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಂಥ ಕಡೆಯ ಮಳೆ ಲೆಕ್ಕದ ಜೊತೆ ತಾಳೆ ನೋಡ್ಲಿಕ್ಕೂ ಇದರಿಂದ ಅನುಕೂಲ.

ಕುಪ್ಪಿ ಎಚ್‌ಡಿಪಿಇ ಪ್ಲಾಸ್ಟಿಕ್, ಅಡಿಯಲ್ಲಿ ತ್ರಿಕೋನದ ಒಳಗೆ 2 ಅಂತ ಇರ್ತದೆ. ಕುಡಿಯುವ ನೀರಿನ ಖಾಲಿ ಬಾಟಲಿ ಬೇಡ, ಆ ಪಿಇಟಿ ಪ್ಲಾಸ್ಟಿಕ್ ಮಾಡುವಾಗ ಆಂಟಿಮನಿ ಹಾಕಿರ್ತಾರೆ, ಅದು ಸ್ವಲ್ಪ ಸ್ವಲ್ಪ ನೀರಿಗೆ ಬಿಡ್ತದೆ. ಫನೆಲ್ ಕೂಡ ಪ್ಲಾಸ್ಟಿಕ್ಕೇ. ಸ್ಟ್ಯಾಂಡಿಗೆ ಜಿಐ ಪೈಪ್ ಹಾಕ್ಬೇಡಿ, ಅದರ ಮೇಲಿನ ಲೇಪ ಸತುವಿಂದು. ಪಿವಿಸಿ ಪೈಪನ್ನು ಸಿಮೆಂಟಿನ ಬಕೆಟಲ್ಲಿ ನಿಲ್ಲಿಸಿ. ಹುಳ ಹಿಡೀಬಾರ್ದು ಅಂತ ಮದ್ದು ಹೊಡೆದ ಮರ ಕೂಡ ಬೇಡ, ಕೆಲವು ಮದ್ದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಇರ್ತದೆ. ಫನೆಲಿನ ಬಾಯಿ ನೆಲದಿಂದ ಒಂದೂವರೆಯಿಂದ ಎರಡು ಮೀಟರ್ ಎತ್ತರ, ಇಲ್ಲದಿದ್ರೆ ಮಳೆಹನಿ ಕೆಂಪು ಮಣ್ಣನ್ನು ಎಗರಿಸಿ ಒಳಗೆ ಹಾಕ್ತದೆ.

ಮೂರು ಸಣ್ಣ ವಿಷಯ. ಹಕ್ಕಿ ಬಂದು ಅಂಚಲ್ಲಿ ಕೂರದ ಹಾಗೆ ಸುತ್ತ ನೈಲಾನ್ ಕಡ್ಡಿ ನೆಟ್ಟಗೆ ನಿಲ್ಲಿಸಿ (ಕಾಗೆಗೆ ಇದಕ್ಕಿಂತ ಒಳ್ಳೆ ಸೀಟು ಪದವಲ್ಲಿ ಎಲ್ಲಿ ಸಿಗ್ಬೇಕು). ಫನೆಲಿನ ಕುತ್ತಿಗೆಗೆ ನೈಲಾನ್ ಬಲೆ ಇಡಿ, ಎಲೆ-ಹುಳ ಹೋಗದ ಹಾಗೆ, ಸೊಳ್ಳೆ ಮೊಟ್ಟೆ ಇಡದ ಹಾಗೆ, ಡೆಂಗ್ಯೂ ಸಮಯದಲ್ಲಿ ಆಶಾ ಕಾರ್ಯಕರ್ತೆ ಬಂದು ಮೊದಲು ಬೈಯುವುದೇ ಈ ಕುಪ್ಪಿಗೆ. ಮತ್ತೆ ಕುಪ್ಪಿಯನ್ನು ಕಪ್ಪು ಪ್ಲಾಸ್ಟಿಕಲ್ಲಿ ಸುತ್ತಿ, ಬೆಳಕು ಬಿದ್ರೆ ಪಾಚಿ ಕಟ್ತದೆ, ಪಾಚಿ ಲೋಹ ಹೀರ್ತದೆ.

ತೊಳೆಯುವುದು: ಬೋರು, ಆದ್ರೆ ಇದೇ ಕೆಲಸ

ಮೊದಲು ಸೋಪ್ ನೀರು, ಮತ್ತೆ ನಳ್ಳಿ ನೀರು, ಮತ್ತೆ 10 ಪರ್ಸೆಂಟ್ ನೈಟ್ರಿಕ್ ಆಸಿಡಲ್ಲಿ ಒಂದೆರಡು ದಿನ ನೆನೆ ಹಾಕ್ಬೇಕು, ಆಮೇಲೆ ಲ್ಯಾಬಿನ ಅಲ್ಟ್ರಾಪ್ಯೂರ್ ನೀರಲ್ಲಿ ಮೂರ್ನಾಲ್ಕು ಸಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುವುದಿಲ್ಲ. ಸುರಂಗದ ನೀರು ಕುಡೀಲಿಕ್ಕೆ ಎಷ್ಟೇ ರುಚಿ ಇರ್ಲಿ, ಕಲ್ಲು-ಮಣ್ಣಿನ ಒಳಗಿಂದ ಬಂದದ್ದು ಅದು, ಅದೂ ಆಗುವುದಿಲ್ಲ.

ಈ ಕೆಲಸ ಮನೆ ಅಂಗಳದಲ್ಲಿ ಮಾಡ್ಬೇಡಿ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಲ್ಲಿ, ಗೊತ್ತಿದ್ದವರು ಪಕ್ಕದಲ್ಲಿ ನಿಂತು, ಕನ್ನಡಕ-ಗ್ಲೌಸ್ ಹಾಕಿಯೇ. ನೀರಿಗೆ ಆಸಿಡ್ ಹಾಕ್ಬೇಕು, ಆಸಿಡಿಗೆ ನೀರು ಯಾವತ್ತೂ ಅಲ್ಲ. ಉಳಿದ ಆಸಿಡನ್ನು ತೋಡಿಗೆ ಚೆಲ್ಲುವುದಲ್ಲ, ಲ್ಯಾಬಿನ ರೀತಿಯಲ್ಲಿ ನ್ಯೂಟ್ರಲ್ ಮಾಡಿ ಅಲ್ಲೇ ವಿಲೇವಾರಿ.

ಒಣಗಿದ ಕುಪ್ಪಿಗೆ ಮುಚ್ಚಳ ಹಾಕಿ ಎರಡು ಜಿಪ್ ಕವರಿನ ಒಳಗೆ, ಒಂದರೊಳಗೆ ಒಂದು. ಸ್ಥಳದಲ್ಲಿ ಹೊರಗಿನ ಕವರ್ ಮುಟ್ಟುವವರು ಒಬ್ಬರು, ಒಳಗಿನದ್ದು ಮುಟ್ಟುವವರು ಇನ್ನೊಬ್ಬರು ಇದ್ರೆ ಉತ್ತಮ. ಗ್ಲೌಸ್ ಪೌಡರ್ ಇಲ್ಲದ್ದೇ ಆಗ್ಬೇಕು, ಪೌಡರಲ್ಲೂ ಲೋಹ ಇರ್ತದೆ.

ಪ್ರತಿ ವಾರ ಮಾಡುವ ಕೆಲಸ

ವಾರಕ್ಕೆ ಒಂದು ನಿಗದಿ ದಿನ, ನಿಗದಿ ಹೊತ್ತು. ಪತ್ತನಾಜೆ (ಮೇ ಕೊನೆಯ ಹೊತ್ತಿನ ತುಳುನಾಡಿನ ದಿನ) ಮೊದಲೇ ಎಲ್ಲ ಸೆಟ್ ಮಾಡಿ ಮುಗಿಸಿ, ಯಾಕಂದ್ರೆ ವರ್ಷದ ಮೊದಲ ಮಳೆಯಲ್ಲೇ ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಿದ್ದು, ಎಲೆ ಮೇಲೆ ಕೂತದ್ದು ಎಲ್ಲ ಇಳೀತದೆ. ಆ ಮಳೆ ತಪ್ಪಿದ್ರೆ ಇನ್ನು ಬರುವ ವರ್ಷವೇ.

ಹೋಗುವ ಮೊದಲು ಎಲೆಯಡಿಕೆ ಉಗುಳಿ, ಕೈ ತೊಳೆದು ಹೋಗಿ. ತಮಾಷೆ ಅಲ್ಲ. ಅಡಿಕೆಯಲ್ಲಿ ಸಹಜವಾಗಿಯೇ ತಾಮ್ರ ಜಾಸ್ತಿ, ಬೀಡಿ-ಸಿಗರೇಟಿನ ಹೊಗೆಯಲ್ಲಿ ಕ್ಯಾಡ್ಮಿಯಂ ಇರ್ತದೆ, ಬೆರಳಿನ ಸುಣ್ಣದ ಮಾತು ಬೇರೆಯೇ. ಅಡಿಕೆ ಸುಲಿದ ಕೈಯಲ್ಲಿ ಕುಪ್ಪಿಯ ಬಾಯಿ ಮುಟ್ಟಿದ್ರೆ ಆ ವಾರದ ತಾಮ್ರ ಯಾವ ಮೋಡದಿಂದಲೂ ಬಂದದ್ದಲ್ಲ.

ಅಲ್ಲಿ ಹೋಗಿ ಮೊದಲು ಫೋಟೊ ತೆಗೀರಿ, ಫನೆಲಲ್ಲಿ ಎಂತ ಬಿದ್ದಿದೆ ಅಂತ ಕಾಣುವ ಹಾಗೆ. ಮಳೆಮಾಪಕ ಓದಿ. ಕುಪ್ಪಿ ತೆಗೆದು ಮುಚ್ಚಳ ಹಾಕಿ, ಹೊಸ ಕುಪ್ಪಿ ಇಟ್ಟು, ಫನೆಲನ್ನೂ ತೊಳೆದ ಹೊಸದಕ್ಕೆ ಬದಲಾಯಿಸಿ. ಮಳೆ ಇಲ್ಲದ ವಾರಗಳಲ್ಲಿ ಹಳೇ ಫನೆಲನ್ನು ಅಳತೆ ಮಾಡಿದ 250 ಮಿಲಿ ಅಲ್ಟ್ರಾಪ್ಯೂರ್ ನೀರಲ್ಲಿ ತೊಳೆದು ಅದೇ ಕುಪ್ಪಿಗೆ ಬಿಡಿ, ಅದು ಒಣ ಧೂಳಿನ ಸ್ಯಾಂಪಲ್. ಜನವರಿ-ಫೆಬ್ರವರಿ ಇಡೀ ಹೀಗೇ ಹೋಗ್ತದೆ.

ಡೈರಿಯಲ್ಲಿ ಬರೀಬೇಕಾದ್ದು ಮಳೆ ಮತ್ತು ದಿನಾಂಕ ಮಾತ್ರ ಅಲ್ಲ. ಸುತ್ತಿನ ಯಾವ ತೋಟಕ್ಕೆ ಯಾವತ್ತು ಮದ್ದು ಬಿಟ್ರು, ಎಷ್ಟು ಡ್ರಮ್, ಗಾಳಿ ಪಡುವಿಂದಲೋ ಮೂಡಿಂದಲೋ, ಯಾರು ಸುಡುಮಣ್ಣು (ಕಸ-ಸೊಪ್ಪಿನ ಜೊತೆ ಸುಟ್ಟ ಮಣ್ಣು) ಹಾಕಿದ್ರು, ಎಲ್ಲಿ ಜಾತ್ರೆಯ ಬೆಡಿ (ಸಿಡಿಮದ್ದು) ಇತ್ತು, ವಿಷುವಿಗೆ ಪಟಾಕಿ ಎಷ್ಟು, ಯಾವ ಮನೆಯ ತಗಡಿನ ಶೀಟ್ ಬದಲಾಯಿತು, ಇದೆಲ್ಲ. ಪಟಾಕಿಯ ಬಣ್ಣಕ್ಕೆ ಬೇರಿಯಂ, ಸ್ಟ್ರಾನ್ಷಿಯಂ, ತಾಮ್ರ ಹಾಕ್ತಾರೆ, ಏಪ್ರಿಲ್ ನಡುವಿನ ಫಿಲ್ಟರಲ್ಲಿ ಬೇರಿಯಂ ಹಾರಿದ್ರೆ ಡೈರಿ ನೋಡಿದ ಕೂಡ್ಲೇ ಕಾರಣ ಸಿಗ್ತದೆ. ಆರು ತಿಂಗಳ ಮೇಲೆ ಲ್ಯಾಬ್ ರಿಪೋರ್ಟ್ ಬಂದಾಗ ನೆನಪಿಂದ ಯಾರೂ ಹೇಳ್ಲಿಕ್ಕಿಲ್ಲ. ಮದ್ದು ಬಿಡುವ ಹುಡುಗರ ಹತ್ರ ದೋಸ್ತಿ ಇಟ್ಕೊಳ್ಳಿ, ಅವರ ಬುಕಿಂಗ್ ಪಟ್ಟಿಗಿಂತ ಒಳ್ಳೆ ದಾಖಲೆ ಇಲ್ಲ.

ಇನ್ನು ಬ್ಲ್ಯಾಂಕ್. ತಿಂಗಳಿಗೊಮ್ಮೆಯಾದ್ರೂ ಶುದ್ಧ ನೀರು ತುಂಬಿದ ಕುಪ್ಪಿಯನ್ನು ಅಲ್ಲಿಗೆ ಒಯ್ದು, ತೊಳೆದ ಫನೆಲ್ ಮೂಲಕ ಇನ್ನೊಂದು ಕ್ಲೀನ್ ಕುಪ್ಪಿಗೆ ಹೊಯ್ದು, ಉಳಿದ ಸ್ಯಾಂಪಲ್ ಜೊತೆಗೇ ಲ್ಯಾಬಿಗೆ ಕೊಡಿ, ಯಾವುದು ಅಂತ ಹೇಳ್ಬೇಡಿ. ಅದರಲ್ಲಿ ಸಿಕ್ಕಿದ ಲೋಹ ಮಳೆಯದ್ದಲ್ಲ, ನಿಮ್ಮ ಕೈಯದ್ದು. ಏಳೆಂಟು ಬ್ಲ್ಯಾಂಕ್ ಆದ ಮೇಲೆ ಅವುಗಳ ಸ್ಟ್ಯಾಂಡರ್ಡ್ ಡಿವಿಯೇಷನಿನ (ನಂಬರುಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಮೂರು ಪಟ್ಟು ತೆಗೆದ್ರೆ ನಿಮ್ಮ ಪತ್ತೆ ಮಿತಿ ಅದು, ಅದಕ್ಕಿಂತ ಕೆಳಗಿನ ನಂಬರಿಗೆ ಅರ್ಥ ಇಲ್ಲ. ಬ್ಲ್ಯಾಂಕಿಗೂ ಮಳೆಯಷ್ಟೇ ದುಡ್ಡು ಕೊಡ್ಬೇಕಲ್ಲ ಅಂತ ಬೇಜಾರು ಆಗುವುದು ಸಹಜ, ಆದ್ರೆ ಉಳಿಸ್ಲಿಕ್ಕಿದ್ರೆ ಮಳೆ ಸ್ಯಾಂಪಲಲ್ಲಿ ಉಳಿಸಿ, ಇದರಲ್ಲಿ ಬೇಡ.

ಗಾಳಿ

ಮೊದಲೇ ಹೇಳ್ತೇನೆ, ಗೋಡೆಗೆ ಹಾಕುವ ಸಣ್ಣ ಪಿಎಂ (ಗಾಳಿಯ ಧೂಳಿನ ಕಣ) ಸೆನ್ಸರ್ ಲೋಹ ಹೇಳುವುದಿಲ್ಲ. ಬೆಳಕು ಚದುರುವುದನ್ನು ನೋಡಿ ಕಣ ಲೆಕ್ಕ ಹಾಕ್ತದೆ ಅಷ್ಟೇ, ನಮ್ಮ ಮಳೆಗಾಲದ ತೇವಕ್ಕೆ ಅದು ಮಂಜನ್ನೂ ಧೂಳು ಅಂತ ಎಣಿಸ್ತದೆ. ಲೋಹಕ್ಕೆ ಪಂಪ್ ಇಟ್ಟು ಗಾಳಿಯನ್ನು ಫಿಲ್ಟರ್ ಮೂಲಕ ಎಳೀಬೇಕು.

ಮೆಷಿನ್ ಎರಡು ತರ. ದೊಡ್ಡದ್ದು ನಿಮಿಷಕ್ಕೆ 1.1 ಘನ ಮೀಟರಿನ ಹತ್ರ ಎಳೀತದೆ, ದಿನಕ್ಕೆ ಸುಮಾರು 1600 ಘನ ಮೀಟರ್. ಸಣ್ಣದ್ದು ನಿಮಿಷಕ್ಕೆ 16.7 ಲೀಟರ್, ದಿನಕ್ಕೆ 24 ಘನ ಮೀಟರ್, 47 ಮಿಮೀ ಫಿಲ್ಟರ್. ಹಳ್ಳಿಗೆ ನನ್ನ ಓಟು ಸಣ್ಣದಕ್ಕೆ. ಕರೆಂಟ್ ಕಡಿಮೆ ಸಾಕು, ಬ್ಯಾಟರಿಯಲ್ಲೂ ಓಡ್ತದೆ, ಗಲಾಟೆ ಇಲ್ಲ. ದೊಡ್ಡದ್ದರ ಮೋಟರಲ್ಲಿ ಕಾರ್ಬನ್ ಬ್ರಶ್ ಇದ್ರೆ ಅದು ಸವೆಯುವಾಗ ತಾಮ್ರದ ಹುಡಿ ಬರ್ತದೆ, ಹೊರಬಿಟ್ಟ ಗಾಳಿ ತಿರುಗಿ ಒಳಗೆ ಬಂದ್ರೆ ನೀವು ಅಳೀತಾ ಇರೋದು ಮೋಟರನ್ನು. ತಾಮ್ರವೇ ಮುಖ್ಯ ಪ್ರಶ್ನೆ ಆದ ಊರಲ್ಲಿ ಇದು ಸಣ್ಣ ಸಂಗತಿ ಅಲ್ಲ. ದೊಡ್ಡದ್ದೇ ಸಿಕ್ಕಿದ್ರೆ ಹೊಗೆ ಪೈಪಿನ ಹಾಗೆ ಉದ್ದ ಪೈಪ್ ಹಾಕಿ ಆ ಗಾಳಿಯನ್ನು ದೂರ ಬಿಡಿ.

ಫಿಲ್ಟರ್ ಟೆಫ್ಲಾನ್ ಅಥವಾ ಕ್ವಾರ್ಟ್ಜ್. ಗ್ಲಾಸ್ ಫೈಬರ್ ಅಗ್ಗ, ಆದ್ರೆ ಅದರಲ್ಲೇ ಸತು, ಬೇರಿಯಂ ಬೇಕಾದಷ್ಟುಂಟು. ಹಿಡಿಯುವ ಚಿಮುಟ ಪ್ಲಾಸ್ಟಿಕ್ಕಿಂದು, ಸ್ಟೀಲಿನದ್ದಾದ್ರೆ ನಿಕ್ಕಲ್-ಕ್ರೋಮಿಯಂ. ಹತ್ತು ಫಿಲ್ಟರಿಗೆ ಒಂದು ಖಾಲಿ ಫಿಲ್ಟರ್ ಬ್ಲ್ಯಾಂಕ್: ಮೆಷಿನಿಗೆ ಹಾಕಿ, ಪಂಪ್ ಓಡಿಸದೆ, ತೆಗೀರಿ.

ನಮ್ಮ ರಾಷ್ಟ್ರೀಯ ಮಾನದಂಡ 2009ರ ನವೆಂಬರಲ್ಲಿ ಬಂದದ್ದು. ಅದರ ಪ್ರಕಾರ ವಾರಕ್ಕೆ ಎರಡು ದಿನ, 24 ಗಂಟೆಯಂತೆ, ವರ್ಷಕ್ಕೆ ಕಡಿಮೆ ಅಂದ್ರೆ 104 ಅಳತೆ ಆಗ್ಬೇಕು. ಊರವರು ಮಾಡುವಾಗ ಅಷ್ಟಾಗ್ಲಿಕ್ಕಿಲ್ಲ. ಆರು ದಿನಕ್ಕೊಮ್ಮೆ ಮಾಡಿ, ಆಗ ವಾರದ ಎಲ್ಲ ದಿನಗಳೂ ಸರದಿಯಲ್ಲಿ ಬರ್ತದೆ, ಯಾವಾಗಲೂ ಭಾನುವಾರವೇ ಆಗುವುದಿಲ್ಲ. ಮಳೆಗಾಲದಲ್ಲಿ ಗಾಳಿ ತೊಳೆದು ಹೋಗಿರ್ತದೆ, ಒಂದು ದಿನದ ಫಿಲ್ಟರಲ್ಲಿ ಎಂತದ್ದೂ ಸಿಗದಿದ್ರೆ ಒಂದೇ ಫಿಲ್ಟರಲ್ಲಿ ಮೂರು ದಿನ ಓಡಿಸ್ಬಹುದು, ದಿನದ ಮಿತಿಗೆ ಹೋಲಿಸ್ಲಿಕ್ಕಾಗುವುದಿಲ್ಲ, ವರ್ಷದ ಸರಾಸರಿಗೆ ಅಡ್ಡಿಯಿಲ್ಲ.

ಕರೆಂಟ್ ಹೋಗ್ತದೆ, ಅದು ಖಂಡಿತ. ಹಾಗಾಗಿ ಗಂಟೆ ನೋಡಿ ಗಾಳಿ ಲೆಕ್ಕ ಹಾಕ್ಬೇಡಿ, ಒಟ್ಟು ಎಷ್ಟು ಘನ ಮೀಟರ್ ಹೋಯ್ತು ಅಂತ ತೋರಿಸುವ ಮೀಟರ್ ಇರುವ ಮೆಷಿನ್ನೇ ತಗೊಳ್ಳಿ. ಹದಿನೆಂಟು ಗಂಟೆಗಿಂತ ಕಡಿಮೆ ಓಡಿದ್ರೆ ಆ ಫಿಲ್ಟರನ್ನು ನಾನಾದ್ರೆ ಬಿಡ್ತೇನೆ.

ಲ್ಯಾಬಿಗೆ ಕೊಡುವ ಮೊದಲು ಕೇಳಬೇಕಾದ್ದು

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಸುರತ್ಕಲ್‌ನ ಎನ್‌ಐಟಿಕೆ, ಮಂಗಳೂರು-ಕೊಚ್ಚಿಯ ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ಸಂಸ್ಥೆ) ಮಾನ್ಯತೆಯ ಖಾಸಗಿ ಲ್ಯಾಬ್‌ಗಳು, ಹೀಗೆ ಹತ್ತಿರ ದೂರ ಎಲ್ಲ ಕಡೆ ಫೋನ್ ಮಾಡಿ, ಯಾವ ಮೆಷಿನ್ ಉಂಟು, ಹೊರಗಿನ ಸ್ಯಾಂಪಲ್ ತಗೊಳ್ತಾರಾ ಅಂತ ಕೇಳಿ. ಐಸಿಪಿ-ಎಂಎಸ್ (ತೀರಾ ಸಣ್ಣ ಪ್ರಮಾಣದ ಲೋಹವನ್ನೂ ಹಿಡಿಯುವ ಮೆಷಿನ್) ಬೇಕು. ಯಾಕೆ ಅಂತ ಲೆಕ್ಕ ನೋಡಿ: ಗಾಳಿಯಲ್ಲಿ ಆರ್ಸೆನಿಕ್ ಘನ ಮೀಟರಿಗೆ ಒಂದು ನ್ಯಾನೋಗ್ರಾಂ ಇದ್ರೆ, 24 ಘನ ಮೀಟರಿಗೆ 24 ನ್ಯಾನೋಗ್ರಾಂ, ಅದನ್ನು ಆಸಿಡಲ್ಲಿ ಕರಗಿಸಿ 50 ಮಿಲಿ ಮಾಡಿದ್ರೆ ಲೀಟರಿಗೆ ಅರ್ಧ ಮೈಕ್ರೋಗ್ರಾಂ. ಮಾಮೂಲಿ ಫ್ಲೇಮ್ ಎಎಎಸ್ (ಬೆಂಕಿಯ ಜ್ವಾಲೆಯಲ್ಲಿ ಲೋಹ ಅಳೆಯುವ) ಮೆಷಿನಿಗೆ ಇದು ಕಾಣುವುದೇ ಇಲ್ಲ, "ಪತ್ತೆಯಾಗಿಲ್ಲ" ಅಂತ ಬರ್ದು ಕೊಡ್ತಾರೆ, ನೀವು ಗಾಳಿ ಶುದ್ಧ ಅಂತ ನಂಬ್ತೀರಿ.

ಪ್ರತಿ ಲೋಹದ ಪತ್ತೆ ಮಿತಿ ಎಷ್ಟು ಅಂತ ಲಿಖಿತವಾಗಿ ತಗೊಳ್ಳಿ. ಗೊತ್ತಿರುವ ಪ್ರಮಾಣದ ರೆಫರೆನ್ಸ್ ಸ್ಯಾಂಪಲ್ ಓಡಿಸ್ತಾರಾ ಕೇಳಿ, ಧೂಳಿಗೆ ಅಮೆರಿಕದ ಮಾನಕ ಸಂಸ್ಥೆಯ ಎನ್‌ಐಎಸ್‌ಟಿ 1648ಎ, ನೀರಿಗೆ 1640ಎ ಅಂತ ಉಂಟು. ಫಿಲ್ಟರನ್ನು ಯಾವ ಆಸಿಡಲ್ಲಿ ಕರಗಿಸ್ತಾರೆ ಅಂತಲೂ ಕೇಳಿ. ನೈಟ್ರಿಕ್ ಮತ್ತು ಪೆರಾಕ್ಸೈಡಲ್ಲಿ ಸೀಸ, ಕ್ಯಾಡ್ಮಿಯಂ ಚೆನ್ನಾಗಿ ಬರ್ತದೆ, ಆದ್ರೆ ಮಣ್ಣಿನ ಕಣದ ಒಳಗಿನ ಅಲ್ಯುಮಿನಿಯಂ, ಕ್ರೋಮಿಯಂ ಪೂರ್ತಿ ಬರುವುದಿಲ್ಲ.

ಮಳೆನೀರಿನ ವಿಷಯದಲ್ಲಿ ಒಂದು ಮಾತು ಖಡಕ್ಕಾಗಿ ಹೇಳಿ: ಆಸಿಡ್ ಸೇರಿಸುವುದು ಹಿಡಿದ ಕುಪ್ಪಿಯ ಒಳಗೇ ಆಗ್ಬೇಕು, ಒಂದು ಪರ್ಸೆಂಟ್ ಶುದ್ಧ ನೈಟ್ರಿಕ್, ಪಿಎಚ್ 2ಕ್ಕಿಂತ ಕೆಳಗೆ, ಒಂದು ದಿನ ಹಾಗೇ ಇಟ್ಟು, ಆಮೇಲೆ ಸ್ವಲ್ಪ ತೆಗೆದು ಪರೀಕ್ಷೆ. ಮೊದಲೇ ಸಣ್ಣ ಕುಪ್ಪಿಗೆ ಬಗ್ಗಿಸಿದ್ರೆ ಸೀಸದಂಥದ್ದು ದೊಡ್ಡ ಕುಪ್ಪಿಯ ಗೋಡೆಗೇ ಅಂಟಿಕೊಂಡು ಉಳೀತದೆ. ನೈಟ್ರಿಕ್ ಆಸಿಡನ್ನು ಬಸ್ಸಲ್ಲಿ ಚೀಲದಲ್ಲಿ ಹಾಕಿ ಒಯ್ಯುವ ಸಾಹಸ ಬೇಡ, ಸ್ಯಾಂಪಲನ್ನು ತಂಪಾಗಿ ಇಟ್ಟು ಬೇಗ ತಲುಪಿಸಿ, ಆಸಿಡ್ ಅಲ್ಲೇ ಹಾಕಲಿ.

ಲೆಕ್ಕ

ಮಳೆಯ ಲೆಕ್ಕ ಚಂದ ಉಂಟು. ಒಂದು ಚದರ ಮೀಟರಿಗೆ ಒಂದು ಮಿಮೀ ಮಳೆ ಅಂದ್ರೆ ಸರಿಯಾಗಿ ಒಂದು ಲೀಟರ್. ಹಾಗಾಗಿ ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಅನ್ನೋದನ್ನು ಮಿಮೀಯಿಂದ ಗುಣಿಸಿದ್ರೆ ಚದರ ಮೀಟರಿಗೆ ಎಷ್ಟು ಬಿತ್ತು ಅಂತ ಬಂತು.

ಸರಾಸರಿ ತೆಗೆಯುವಾಗ ಎಚ್ಚರ. ಉದಾಹರಣೆಗೆ ಅಂತ ಇಟ್ಕೊಳ್ಳಿ, ಮೊದಲ ವಾರ 20 ಮಿಮೀ ಮಳೆ, ಸೀಸ ಲೀಟರಿಗೆ 4 ಮೈಕ್ರೋಗ್ರಾಂ. ಎರಡನೇ ವಾರ 200 ಮಿಮೀ, ಸೀಸ 0.5. ಸುಮ್ಮನೆ ಕೂಡಿಸಿ ಭಾಗಿಸಿದ್ರೆ 2.25, ಅದು ತಪ್ಪು. ಬಿದ್ದದ್ದು 80 ಮತ್ತು 100, ಒಟ್ಟು 180, ಅದನ್ನು 220 ಮಿಮೀಯಿಂದ ಭಾಗಿಸಿದ್ರೆ 0.82. ನಮ್ಮ ಹಾಗೆ ಒಂದು ವಾರ ಹನಿ, ಇನ್ನೊಂದು ವಾರ ಪ್ರವಾಹ ಇರುವ ಕಡೆ ಈ ಎರಡು ನಂಬರಿನ ನಡುವೆ ಭೂಮಿ-ಆಕಾಶ. ಇನ್ನೊಂದು ನೋಡಿ, ಲೀಟರಿನ ಲೆಕ್ಕದಲ್ಲಿ ಎರಡನೇ ವಾರ ಶುದ್ಧ ಅಂತ ಕಂಡ್ರೂ ನೆಲಕ್ಕೆ ಜಾಸ್ತಿ ಸೀಸ ಇಳಿದದ್ದು ಆ ವಾರವೇ.

ತಾಮ್ರದ್ದೂ ಹಾಗೇ ಒಂದು ಊಹೆಯ ಲೆಕ್ಕ: ತಿಂಗಳಲ್ಲಿ 1000 ಮಿಮೀ ಮಳೆ, ಲೀಟರಿಗೆ 5 ಮೈಕ್ರೋಗ್ರಾಂ ತಾಮ್ರ ಅಂದ್ರೆ ಹೆಕ್ಟೇರಿಗೆ 50 ಗ್ರಾಂ. ಮದ್ದಿನ ಒಂದು ಡ್ರಮ್ಮಲ್ಲಿ ಸುಮಾರು 510 ಗ್ರಾಂ. ತೋಟದ ಮಣ್ಣಲ್ಲಿ ತಾಮ್ರ ಜಾಸ್ತಿ ಆದ್ರೆ ಆಕಾಶ ನೋಡಿ ಪ್ರಯೋಜನ ಇಲ್ಲ ಅಂತ ಇಷ್ಟರಲ್ಲೇ ಗೊತ್ತಾಗ್ತದೆ.

ಪತ್ತೆ ಮಿತಿಗಿಂತ ಕೆಳಗೆ ಬಂದದ್ದನ್ನು ಸೊನ್ನೆ ಅಂತ ಬರೀಬೇಡಿ, "ಇಷ್ಟಕ್ಕಿಂತ ಕಡಿಮೆ" ಅಂತ ಬರೀರಿ. ಸರಾಸರಿಗೆ ಅರ್ಧ ಮಿತಿ ಹಾಕುವುದು ರೂಢಿ, ಆದ್ರೆ ಮುಕ್ಕಾಲು ಪಾಲು ಸ್ಯಾಂಪಲ್ ಹಾಗೆ ಇದ್ರೆ ಆ ಲೋಹಕ್ಕೆ ಸರಾಸರಿಯೇ ಕೊಡ್ಬೇಡಿ.

ಎಲ್ಲಿಂದ ಬಂತು?

ಮಣ್ಣಿನದ್ದಾ ಬೇರೆಯದ್ದಾ ಅಂತ ತಿಳೀಲಿಕ್ಕೆ ಒಂದು ಅನುಪಾತ ಉಂಟು: ಸ್ಯಾಂಪಲಲ್ಲಿ ಅಲ್ಯುಮಿನಿಯಮಿಗೆ ಹೋಲಿಸಿ ಸೀಸ ಎಷ್ಟು, ಅದನ್ನು ಮಣ್ಣಲ್ಲಿ ಅಲ್ಯುಮಿನಿಯಮಿಗೆ ಹೋಲಿಸಿ ಸೀಸ ಎಷ್ಟೋ ಅದರಿಂದ ಭಾಗಿಸುವುದು. ಒಂದರ ಹತ್ರ ಬಂದ್ರೆ ಮಣ್ಣು, ಹತ್ತು ದಾಟಿದ್ರೆ ಬೇರೆ ಮೂಲ. ಹೆಚ್ಚಿನವರು ಇಲ್ಲಿ ಭೂಮಿಯ ಹೊರಪದರದ ಪುಸ್ತಕದ ಸರಾಸರಿ ಹಾಕ್ತಾರೆ, ಅಲ್ಯುಮಿನಿಯಂ 8 ಪರ್ಸೆಂಟ್, ಸೀಸ ಹತ್ತು ಲಕ್ಷದಲ್ಲಿ 17 ಪಾಲು ಅಂತ. ನಮ್ಮ ಮುರಕಲ್ಲಿನ ಮಣ್ಣು ಆ ಸರಾಸರಿಯ ಮಣ್ಣಲ್ಲ, ಲಕ್ಷಗಟ್ಟಲೆ ವರ್ಷ ಮಳೆಗೆ ಬೇರೆಲ್ಲ ತೊಳೆದು ಹೋಗಿ ಕಬ್ಬಿಣ-ಅಲ್ಯುಮಿನಿಯಂ ಉಳಿದದ್ದು. ಹಾಗಾಗಿ ಕುಪ್ಪಿ ಇಟ್ಟ ಜಾಗದ ಸುತ್ತಿನ ನಾಲ್ಕೈದು ಕಡೆಯ ಮೇಲ್ಮಣ್ಣನ್ನು ಲ್ಯಾಬಿಗೆ ಕೊಟ್ಟು ಅದರದ್ದೇ ಅನುಪಾತ ಬಳಸಿ. ಮದ್ದು ಬಿದ್ದ ತೋಟದ ಮಣ್ಣು ಬೇಡ, ಪದವಿನದ್ದು.

ಮತ್ತೆ ಜೋಡಿ ನೋಡಿ. ವನೇಡಿಯಂ-ನಿಕ್ಕಲ್ ಒಟ್ಟಿಗೆ ಏರಿದ್ರೆ ಹಡಗು, ಬಾಯ್ಲರಿನ ಕಪ್ಪು ಎಣ್ಣೆ ಉರಿದದ್ದು. ಆರ್ಸೆನಿಕ್-ಸೆಲೆನಿಯಂ ಅಂದ್ರೆ ಕಲ್ಲಿದ್ದಲು. ಸತು ಒಂದೇ ಹಾರಿದ್ರೆ ಟಯರ್ ಸುಟ್ಟದ್ದೋ ತಗಡಿನದ್ದೋ. ತಾಮ್ರ ಒಂದೇ ಏರಿ, ಆಂಟಿಮನಿ-ಬೇರಿಯಂ ಏರದಿದ್ರೆ ಅದು ಬ್ರೇಕಿನದ್ದಲ್ಲ, ಡೈರಿಯಲ್ಲಿ ಮದ್ದಿನ ತಾರೀಕು ನೋಡಿ. ಒಂದು ಸ್ಯಾಂಪಲ್ ನೋಡಿ ಯಾವ ಕಂಪೆನಿಯ ಹೆಸರೂ ಹೇಳ್ಬೇಡಿ, ಗಾಳಿಯ ದಿಕ್ಕು ಸೇರಿ ಒಂದು ವರ್ಷದ ಡೇಟಾ ಇದ್ರೂ ಜಾಗ್ರತೆಯಿಂದಲೇ.

ಹೋಲಿಕೆಗೆ ನಂಬರುಗಳು: ನಮ್ಮ ಮಾನದಂಡದಲ್ಲಿ ಗಾಳಿಯ ವಾರ್ಷಿಕ ಸರಾಸರಿ ಸೀಸ ಘನ ಮೀಟರಿಗೆ 0.5 ಮೈಕ್ರೋಗ್ರಾಂ, ಆರ್ಸೆನಿಕ್ 6 ನ್ಯಾನೋಗ್ರಾಂ, ನಿಕ್ಕಲ್ 20 ನ್ಯಾನೋಗ್ರಾಂ. ಕ್ಯಾಡ್ಮಿಯಂ ನಮ್ಮ ಪಟ್ಟಿಯಲ್ಲಿ ಇಲ್ಲ, ಯುರೋಪಿನದ್ದು 5 ನ್ಯಾನೋಗ್ರಾಂ. ನೆಲಕ್ಕೆ ಬೀಳುವುದಕ್ಕೆ ಜರ್ಮನಿಯ ನಿಯಮ ನೋಡ್ಬಹುದು, ದಿನಕ್ಕೆ ಚದರ ಮೀಟರಿಗೆ ಸೀಸ 100, ನಿಕ್ಕಲ್ 15, ಆರ್ಸೆನಿಕ್ 4, ಕ್ಯಾಡ್ಮಿಯಂ 2 ಮೈಕ್ರೋಗ್ರಾಂ.

ಮೆಷಿನಿಗೆ ದುಡ್ಡಿಲ್ಲದಿದ್ರೆ ಪಾಚಿ ಇದೆ (ಕುಪ್ಪಿಯ ನೀರಲ್ಲಿ ಕಟ್ಟುವ ಪಾಚಿ ಅಲ್ಲ, ಇಂಗ್ಲಿಷಲ್ಲಿ ಮಾಸ್ ಅನ್ನೋದು). ಹಾಸಿಗೆ ಹಾಗೆ ಬೆಳೆಯುವ ಹಸಿರು ಪಾಚಿ ಆಹಾರ ತಗೊಳ್ಳೋದು ಹೆಚ್ಚಾಗಿ ಮಳೆ-ಗಾಳಿಯಿಂದ, ಹಾಗಾಗಿ ಅದರಲ್ಲಿ ಲೋಹ ಕೂಡ್ತಾ ಹೋಗ್ತದೆ. 1960ರ ದಶಕದ ಕೊನೆಗೆ ಸ್ವೀಡನ್ನಲ್ಲಿ ಶುರುವಾದ ವಿಧಾನ, ಯುರೋಪಿನ ಹಲವು ದೇಶಗಳಲ್ಲಿ 1990ರಿಂದ ಐದು ವರ್ಷಕ್ಕೊಮ್ಮೆ ಮಾಡ್ತಾರೆ. ನಮ್ಮ ಮುರಕಲ್ಲಿನ ಪಾಗಾರದಲ್ಲಿ ಮಳೆಗಾಲಕ್ಕೆ ಬೇಕಾದಷ್ಟು ಸಿಗ್ತದೆ, ಆದ್ರೆ ಕಲ್ಲಿನ ಹುಡಿ ಸೇರ್ತದೆ, ಬೇಸಿಗೆಗೆ ಒಣಗಿ ಹೋಗ್ತದೆ. ಒಂದೇ ಜಾತಿಯ ಪಾಚಿಯನ್ನು ಒಂದೇ ವಾರದಲ್ಲಿ ಬೇರೆ ಬೇರೆ ಊರಿಂದ ತೆಗೆದು ಹೋಲಿಸ್ಲಿಕ್ಕೆ ಸಾಕು, ಘನ ಮೀಟರಿನ ಲೆಕ್ಕ ಅದರಿಂದ ಕೇಳ್ಬೇಡಿ.

ಮನೆಯ ಮಾಡಿನ ನೀರು ಟ್ಯಾಂಕಿಗೆ ಬಿಟ್ಟು ಕುಡಿಯುವವರು ಫನೆಲಿನ ರಿಪೋರ್ಟ್ ನೋಡಿ ಸಮಾಧಾನ ಪಡ್ಬೇಡಿ. ಮಾಡಿಗೆ ತಗಡು ಇದ್ರೆ ಸತು, ಹಳೇ ಪೈಂಟ್ ಇದ್ರೆ ಸೀಸ, ಮದ್ದು ಬಿಡುವಾಗ ಗಾಳಿಗೆ ಬಂದ ತಾಮ್ರ, ಎಲ್ಲ ಅಲ್ಲೇ ಸೇರುವುದು. ಟ್ಯಾಂಕಿನ ನಳ್ಳಿಯಿಂದ ಬೇರೆ ಸ್ಯಾಂಪಲ್ ತೆಗೀರಿ, ಕುಡಿಯುವ ನೀರಿನ ಐಎಸ್ 10500ರ ಮಿತಿಗೆ ಹೋಲಿಸಿ: ಸೀಸ ಲೀಟರಿಗೆ 10 ಮೈಕ್ರೋಗ್ರಾಂ, ಕ್ಯಾಡ್ಮಿಯಂ 3, ನಿಕ್ಕಲ್ 20, ತಾಮ್ರ 50, ಬೇರೆ ನೀರು ಇಲ್ಲದಿದ್ರೆ ತಾಮ್ರ 1500ರ ವರೆಗೆ ಬಿಟ್ಟಿದ್ದಾರೆ. ಮದ್ದು ಬಿಟ್ಟ ದಿನ ಮಾಡಿನ ಪೈಪನ್ನು ಟ್ಯಾಂಕಿಂದ ತಪ್ಪಿಸಿ ಇಡಿ, ಎರಡು ಒಳ್ಳೆ ಮಳೆ ಬಂದು ಮಾಡು ತೊಳೆದ ಮೇಲೆ ವಾಪಸ್ ಜೋಡಿಸಿ, ಜೋಡಿಸಿದ ತಾರೀಕನ್ನೂ ಡೈರಿಗೆ ಹಾಕಿ.